ಸೈಕಲ್ ಮನೆಯೊಳಗೆ ಇರಲಿ, ಸೂರಿಗೆ ನೇತುಹಾಕಬೇಡಿ

ನೇರವಾಗಿ ಹೇಳಿಬಿಡುತ್ತೇನೆ. ಜಾಗ ಉಳಿಸುವ ಸೈಕಲ್ ಸ್ಟ್ಯಾಂಡ್ ಅಂತ ಮಾರುವುದರಲ್ಲಿ ಎಷ್ಟೋ ಸ್ಟ್ಯಾಂಡ್‌ಗಳು ಜಾಗ ಉಳಿಸುತ್ತವೆ, ಸೈಕಲ್ ಓಡಿಸುವ ಶ್ರಮವನ್ನೂ ಉಳಿಸಿಬಿಡುತ್ತವೆ. ಫೋಟೋದಲ್ಲಿ ಚಂದ ಕಾಣುತ್ತೆ. ಬಿಳಿ ಗೋಡೆ, ಪಕ್ಕದಲ್ಲೊಂದು ಗಿಡ, ಮೇಲೆ ನೇತಾಡುವ ಸೈಕಲ್. ಬೆಳಿಗ್ಗೆ ಆರು ಗಂಟೆಗೆ ಅದನ್ನು ಕೆಳಗಿಳಿಸುವವರು ಯಾರು ಅನ್ನೋದು ಮಾತ್ರ ಫೋಟೋದಲ್ಲಿ ಇರುವುದಿಲ್ಲ.

ನಾನು ಹೇಳುತ್ತಿರುವುದು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟುಗಳ ವಿಷಯ. 2020ರ ಲಾಕ್‌ಡೌನ್ ಹೊತ್ತಲ್ಲಿ ಎಲ್ಲರೂ ಗೇರ್ ಸೈಕಲ್ ಕೊಂಡರಲ್ಲ, ಅಂಗಡಿಯಲ್ಲಿ ಸ್ಟಾಕ್ ಇಲ್ಲ ಅಂತ ಕಾದು ಕಾದು ತಂದರಲ್ಲ, ಅದರಲ್ಲಿ ಬೇಕಾದಷ್ಟು ಸೈಕಲ್‌ಗಳು ಈಗ ಬೇಸ್‌ಮೆಂಟಿನ ಕಂಬಕ್ಕೆ ಬೀಗ ಹಾಕಿಸಿಕೊಂಡು ನಿಂತಿವೆ. ಟೈರಲ್ಲಿ ಗಾಳಿ ಇಲ್ಲ, ಸೀಟಿನ ಮೇಲೆ ಧೂಳು, ಚೈನ್ ತುಕ್ಕು. ಯಾವತ್ತೋ ಒಂದು ದಿನ ಅಸೋಸಿಯೇಷನ್‌ನವರು 'ಇದು ಯಾರದ್ದು, ಇಂಥ ತಾರೀಕಿನೊಳಗೆ ತೆಗೆಯಿರಿ' ಅಂತ ಚೀಟಿ ಅಂಟಿಸುತ್ತಾರೆ. ಯಾರೂ ಬರುವುದಿಲ್ಲ. ಸೀದಾ ಗುಜರಿಗೆ. ಒಳ್ಳೆ ಸೈಕಲ್ ಆದರೆ ಗುಜರಿಗಿಂತ ಮುಂಚೆ ಕಳ್ಳನಿಗೆ.

ಹಾಗಾಗಿ ಸೈಕಲ್ ಮನೆಯೊಳಗೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾರಿಡಾರ್ ಆಗಲ್ಲ. ಬೆಂಕಿ ಬಿದ್ದರೆ ಹೊಗೆಯಲ್ಲಿ ಜನ ಓಡುವ ದಾರಿ ಅದು, ಅಲ್ಲಿ ಪೆಡಲ್ ಚಾಚಿಕೊಂಡು ಒಂದು ಸೈಕಲ್ ನಿಂತಿದ್ದರೆ ಏನಾಗುತ್ತೆ ಯೋಚಿಸಿ. ಬಾಲ್ಕನಿಯೂ ಅಷ್ಟಕ್ಕಷ್ಟೇ. ನಮ್ಮೂರ ಮಳೆಗೆ ನೇರವಾಗಿ ಬಿದ್ದು ಅಭ್ಯಾಸವಿಲ್ಲ, ಇರಚಲು ಒಳಗಿನ ಗೋಡೆವರೆಗೂ ಹೊಡೆಯುತ್ತೆ. ಪಶ್ಚಿಮದ ಬಾಲ್ಕನಿ ಆದರೆ ಬಿಸಿಲಿಗೆ ಟೈರಿನ ರಬ್ಬರ್ ಬಿರುಕು ಬಿಡುತ್ತೆ.

ಇನ್ನು ಸ್ಟ್ಯಾಂಡಿನ ವಿಷಯ. ದೊಡ್ಡವರ ಸೈಕಲ್ ಸುಮಾರು ಆರಡಿ ಉದ್ದ. ಎಂಟಿಬಿ (ಗುಡ್ಡಗಾಡಿನಲ್ಲಿ ಓಡಿಸುವ ಮೌಂಟನ್ ಬೈಕ್) ಆದರೆ ಹ್ಯಾಂಡಲ್ ಅಗಲವೇ ಎರಡೂವರೆ ಅಡಿ ಹತ್ತಿರ ಬರುತ್ತೆ. ಸೋಫಾ ಪಕ್ಕ ಇಷ್ಟು ಜಾಗ ಯಾರ ಮನೆಯಲ್ಲಿದೆ? ಅದನ್ನೇ ಎತ್ತಿ ನಿಲ್ಲಿಸಿದರೆ ಹ್ಯಾಂಡಲ್ ಅಗಲದಷ್ಟು ಗೋಡೆ ಸಾಕು, ಮುಂದಕ್ಕೆ ಮೂರೂವರೆ ಅಡಿ ಚಾಚುತ್ತೆ ಅಷ್ಟೇ. ಇಲ್ಲಿವರೆಗೆ ಎಲ್ಲರೂ ಒಪ್ಪುತ್ತಾರೆ. ಎತ್ತುವುದು ಹೇಗೆ ಅನ್ನೋದರಲ್ಲಿ ಜಗಳ.

ಪುಲ್ಲಿ ಹಾಕಿ ಸೂರಿಗೆ ಏರಿಸುವುದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡೆ. ಒಮ್ಮೆ ಮೇಲೆ ಹೋದ ಸೈಕಲ್ ಅಟ್ಟದ ಮೇಲಿನ ಹಂಡೆ ಇದ್ದ ಹಾಗೆ, ಹಬ್ಬ ಬಂದರಷ್ಟೇ ಕೆಳಗಿಳಿಯುತ್ತೆ. ಎರಡು ಸೈಕಲ್ಲನ್ನು ಒಂದರ ಮೇಲೊಂದು ಇಡುವ ಸ್ಟ್ಯಾಂಡಿನಲ್ಲೂ ಇದೇ ಗೋಳು. ಹಗುರ ರೋಡ್ ಸೈಕಲ್ಲಿಗೂ ಎಂಟಿಬಿಗೂ ನಡುವಿನ ಹೈಬ್ರಿಡ್ ಸೈಕಲ್ 13–15 ಕೆಜಿ ತೂಗುತ್ತೆ, ಅದನ್ನು ಎದೆಮಟ್ಟಕ್ಕಿಂತ ಮೇಲಕ್ಕೆ ಎತ್ತಬೇಕು. ಮನೆಯಲ್ಲಿ ಹೆಚ್ಚು ಓಡಿಸುವವರು ಯಾರೋ ಅವರ ಸೈಕಲ್ ಕೆಳಗಿರಲಿ ಅಂತ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಗಂಡಂದು ಕೆಳಗೆ, ಹೆಂಡತಿಯದು ಮೇಲೆ, ಆಮೇಲೆ 'ನೀನು ಓಡಿಸೋದೇ ಇಲ್ಲ' ಅನ್ನುವ ಮಾತು ಬೇರೆ.

ಗೋಡೆಯ ಹುಕ್ ಪರವಾಗಿಲ್ಲ, ಆದರೆ ಎತ್ತರ ಸರಿ ಇರಬೇಕು. ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನಿಲ್ಲಿಸಿ ಹಾಗೇ ಉರುಳಿಸಿಕೊಂಡು ಹೋದರೆ ಕೊನೆಗೆ ಒಂದೆರಡು ಇಂಚು ಎತ್ತಿದರೆ ಸಾಕು, ಮುಂದಿನ ಚಕ್ರ ಹುಕ್ಕಿಗೆ ಕೂರುತ್ತೆ. ಹಿಂದಿನ ಚಕ್ರ ನೆಲಕ್ಕೆ ತಾಗಿಯೂ ತಾಗದಂತೆ ಇರಬೇಕು. ಕಾರ್ಪೆಂಟರ್ ಬಂದವನು 'ಇನ್ನೂ ಸ್ವಲ್ಪ ಮೇಲೆ ಹಾಕೋಣ ಸಾರ್, ಗುಡಿಸೋಕೆ ಸಲೀಸು' ಅಂತಾನೆ. ಒಪ್ಪಬೇಡಿ. ಸೈಕಲ್ ಅಲ್ಲೇ ನಿಲ್ಲಿಸಿ, ಪೆನ್ಸಿಲಲ್ಲಿ ಗುರುತು ಹಾಕಿ, ಆಮೇಲೆ ಡ್ರಿಲ್.

ಡ್ರಿಲ್ ಅಂದಮೇಲೆ ಗೋಡೆ ಯಾವುದು ಅಂತ ತಿಳಿದಿರಲೇಬೇಕು. ಹಳೆ ಇಟ್ಟಿಗೆ ಗೋಡೆ, ಗಟ್ಟಿ ಸಿಮೆಂಟ್ ಬ್ಲಾಕ್ ಆದರೆ ಆ್ಯಂಕರ್ ಬೋಲ್ಟ್ ಕಚ್ಚಿಕೊಳ್ಳುತ್ತೆ. ಕಾಂಕ್ರೀಟ್ ಪಿಲ್ಲರ್ ಸಿಕ್ಕರಂತೂ ಬೇರೆ ಯೋಚನೆಯೇ ಬೇಡ. ಆದರೆ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಅಥವಾ ಟೊಳ್ಳು ಬ್ಲಾಕ್ ಜಾಸ್ತಿ. ಎಎಸಿಯಲ್ಲಿ ಡ್ರಿಲ್ ಬೆಣ್ಣೆಯೊಳಗೆ ಹೋದಂತೆ ಹೋಗುತ್ತೆ, ಬೂದುಬಿಳಿ ಪುಡಿ ಉದುರುತ್ತೆ. ಸ್ಕ್ರೂ ಕಚ್ಚಿಕೊಳ್ಳಲಿ ಅಂತ ತೂತಿಗೆ ತುರುಕುವ ಪ್ಲಗ್ ಇದೆಯಲ್ಲ, ಇದಕ್ಕೆ ಬೇರೆ ಥರದ್ದೇ ಬೇಕು. ಸುಮ್ನೆ ಮಾಮೂಲಿ ಪ್ಲಗ್ ಹಾಕಿ 15 ಕೆಜಿ ನೇತುಹಾಕಿದರೆ ಒಂದು ದಿನ ಪ್ಲಾಸ್ಟರ್ ಸಮೇತ ಕೆಳಗೆ ಬರುತ್ತೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ಕೆಳಗೆ ತೂತು ಕೊರೆಯಬೇಡಿ. ವೈರಿಂಗ್ ಪೈಪ್ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಹೋಗಿರುತ್ತೆ. ಬಾತ್‌ರೂಮಿನ ಹಿಂದಿನ ಗೋಡೆಯೂ ಬೇಡ, ನೀರಿನ ಪೈಪ್ ಸಿಕ್ಕೀತು.

ಬಾಡಿಗೆ ಮನೆಯವರಿಗೆ ಈ ಯೋಗವೂ ಇಲ್ಲ. ಮೊಳೆ ಹೊಡೆಯಬಾರದು ಅಂತ ಅಗ್ರಿಮೆಂಟಲ್ಲೇ ಇರುತ್ತೆ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೇಗೂ ಅಡ್ವಾನ್ಸಿನಲ್ಲಿ ಹೋಗುತ್ತೆ, ಹಾಗಿದ್ದೂ ತೂತು ಕಂಡರೆ ಓನರ್ ಮುಖ ನೋಡೋಕಾಗಲ್ಲ. (ಪೇಂಟಿಂಗಿಗೆ ದುಡ್ಡು ತಗೊಂಡಮೇಲೆ ತೂತಿನ ಬಗ್ಗೆ ಮಾತಾಡಬಾರದು ಅನ್ನೋದು ನನ್ನ ವಾದ, ಇಲ್ಲಿವರೆಗೆ ಯಾವ ಓನರೂ ಒಪ್ಪಿಲ್ಲ.) ಬಾಡಿಗೆಯವರಿಗೆ ಅಂತಲೇ ನೆಲಕ್ಕೂ ಸೂರಿಗೂ ನಡುವೆ ಬಿಗಿದು ನಿಲ್ಲಿಸುವ ಕಂಬ ಬರುತ್ತೆ. ಕೊಳ್ಳುವ ಮುಂಚೆ ಒಮ್ಮೆ ಮೇಲೆ ನೋಡಿ. ಫಾಲ್ಸ್ ಸೀಲಿಂಗ್ ಇದ್ದರೆ ಕಂಬ ಬಿಗಿಯುವಂತಿಲ್ಲ, ಜಿಪ್ಸಮ್ ಹಲಗೆ ಒಳಗೆ ಒತ್ತಿಕೊಳ್ಳುತ್ತೆ. ಹಳೇ ಕಾಲದ ಎತ್ತರದ ಮನೆಗಳಲ್ಲಿ ಕಂಬ ಸೂರಿಗೆ ಮುಟ್ಟದೇ ಇರಬಹುದು, ಅಳತೆ ನೋಡಿಕೊಳ್ಳಿ.

ನನ್ನ ಓಟು ನೆಲದ ಮೇಲೆ ಕೂರುವ, ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡಿಗೆ. ಹ್ಯಾಂಡಲ್ ಹಿಡಿದು ಮುಂದಿನ ಭಾಗ ಮೇಲೆತ್ತಿ ಹಿಂದಕ್ಕೆ ತಳ್ಳಿದರೆ ಮುಗಿಯಿತು. ಪೂರ್ತಿ ತೂಕ ಕೈ ಮೇಲೆ ಬೀಳುವುದಿಲ್ಲ, ಗೋಡೆಗೆ ತೂತಿಲ್ಲ, ಮನೆ ಬದಲಾಯಿಸಿದರೆ ಜೊತೆಗೆ ಬರುತ್ತೆ. ಕೊರತೆಯೂ ಇದೆ. ಹಿಂದೆ ಉದ್ದ ಮಡ್‌ಗಾರ್ಡ್, ಕ್ಯಾರಿಯರ್ ಇರುವ ಸೈಕಲ್ ಇದಕ್ಕೆ ಕೂರುವುದಿಲ್ಲ. ಇಂಥ ಸ್ಟ್ಯಾಂಡಿನ ಫೋಟೋಗಳಲ್ಲಿ ನಿಂತಿರುವುದೆಲ್ಲ ಬೋಳು ಸೈಕಲ್ಲೇ, ಮಳೆಯಲ್ಲಿ ಆಫೀಸಿಗೆ ಹೋಗುವವರ ಸೈಕಲ್ ಸ್ಟ್ಯಾಂಡ್ ಮಾಡುವವರ ತಲೆಗೇ ಬಂದಂತಿಲ್ಲ. ಕ್ಯಾರಿಯರ್ ಬೇಕೇ ಬೇಕು ಅನ್ನುವವರು ಗೋಡೆಗೆ ಒತ್ತಿಕೊಂಡು ಮಾಮೂಲಿಯಾಗಿ ನಿಲ್ಲಿಸಿ, ಪೆಡಲ್ ಮಡಚುವಂಥದ್ದು ಹಾಕಿಸಿಕೊಳ್ಳಿ. ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಹಿಡಿಯುವ) ಬ್ರೇಕ್ ಇರುವ ಸೈಕಲ್ ನೆಟ್ಟಗೆ ನಿಂತಿದ್ದರೆ ಇಳಿಸಿದ ಮೇಲೆ ಲಿವರ್ ಎರಡು ಮೂರು ಸಲ ಒತ್ತಿ ನೋಡಿ. ಮೆತ್ತಗೆ ಅನ್ನಿಸಿದರೆ ಒಳಗೆ ಗಾಳಿ ಸೇರಿದೆ ಅಂತ ಅರ್ಥ, ಬ್ಲೀಡ್ ಮಾಡಿಸಬೇಕು, ಅಂದರೆ ಆ ಗಾಳಿ ಹೊರಗೆ ತೆಗೆಸಬೇಕು.

ಮನೆಯಲ್ಲಿ ಅಮ್ಮನ ತಕರಾರು ಬೇರೆ. ಚಪ್ಪಲಿ ಹೊರಗೆ ಬಿಟ್ಟು ಬರ್ತೀಯಾ, ಚಕ್ರ ಮಾತ್ರ ಒಳಗೆ ಉರುಳಿಸ್ಕೊಂಡು ಬರ್ತೀಯಾ ಅಂತ. ಅವರು ಹೇಳುವುದರಲ್ಲಿ ತಪ್ಪಿಲ್ಲ. ಬಾಗಿಲಲ್ಲೇ ಒಂದು ಹಳೆ ಬಟ್ಟೆ ಇಟ್ಟು ಟೈರ್ ಒರೆಸಿ, ಸ್ಟ್ಯಾಂಡಿನ ಕೆಳಗೆ ರಬ್ಬರ್ ಮ್ಯಾಟ್ ಹಾಕಿದರೆ ಮುಕ್ಕಾಲು ಜಗಳ ನಿಲ್ಲುತ್ತೆ. ಆಯುಧ ಪೂಜೆ ದಿನ ಮಾತ್ರ ಅದೇ ಅಮ್ಮ ಮೊದಲು ಕುಂಕುಮ ಹಚ್ಚುವುದು ಸೈಕಲ್ಲಿಗೆ.

ಕೊನೆಗೊಂದು. ಅಂಗಡಿಯ ಸ್ಟ್ಯಾಂಡ್ ದುಬಾರಿ ಅನ್ನಿಸಿದರೆ ಬೀದಿ ಕೊನೆಯ ವೆಲ್ಡಿಂಗ್ ಅಂಗಡಿಗೆ ಸೈಕಲ್ ಸಮೇತ ಹೋಗಿ. ಚಿತ್ರ ತೋರಿಸಿದರೆ ಸಾಲದು, ಸೈಕಲ್ ಮುಂದೆ ನಿಲ್ಲಿಸಿ ಅಳತೆ ಕೊಡಿ. ಒಂದಿಂಚಿನ ಸ್ಕ್ವೇರ್ ಪೈಪ್ ಸಾಕು. ತಳದ ಫ್ರೇಮ್ ಅಗಲವಾಗಿರಲಿ, ಮಕ್ಕಳು ಹಿಡಿದು ಜಗ್ಗಿದರೂ ಮಗುಚಬಾರದು. ಚಕ್ರ ತಾಗುವ ಕಡೆಯೆಲ್ಲ ಹಳೆ ಟ್ಯೂಬ್ ಕತ್ತರಿಸಿ ಸುತ್ತಿ. ಪೇಂಟ್ ಒಣಗುವ ಮೊದಲೇ ಮನೆಗೆ ತರಬೇಡಿ, ವಾಸನೆ ಹೋಗಲ್ಲ.