ಬಜೆಟ್ ಸಭೆಗೆ ಕರೆದರು, ಹೋಗಿದ್ದೆ

ನಮ್ಮ ಪುರಸಭೆಯಲ್ಲಿ ವರ್ಷಕ್ಕೊಮ್ಮೆ ಬಜೆಟ್ ಪೂರ್ವಭಾವಿ ಸಭೆ ಅಂತ ಒಂದು ನಡೆಯುತ್ತದೆ. ಬಜೆಟ್ ಮಾಡುವ ಮೊದಲು ಜನರನ್ನು ಕೇಳಬೇಕು ಅಂತ ನಿಯಮ ಇದೆಯಲ್ಲ, ಅದಕ್ಕೆ. ಕರೆಯುವುದೂ ಹೇಗೆ? ಕಚೇರಿ ನೋಟಿಸ್ ಬೋರ್ಡಿನಲ್ಲಿ, ಟೆಂಡರ್ ಚೀಟಿಗಳ ಕೆಳಗೆ ಒಂದು ಹಾಳೆ. ಸಮಯ ಬುಧವಾರ ಬೆಳಗ್ಗೆ 11 ಗಂಟೆ. ಕೆಲಸಕ್ಕೆ ಹೋಗುವವರು ಯಾರು ಬರುತ್ತಾರೆ ಹೇಳಿ?

ನಾನು ರಜೆ ಹಾಕಿ ಹೋದೆ. ಸಭೆ ಶುರುವಾಗಿದ್ದು 12:15ಕ್ಕೆ. ಕುರ್ಚಿಗಳು ನೂರು, ಜನ ಹದಿನೇಳು. ಅದರಲ್ಲಿ ಗುತ್ತಿಗೆದಾರರೇ ಜಾಸ್ತಿ. ಹೋದ ವರ್ಷ ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಒಂದು ಹಾಳೆಯನ್ನಾದರೂ ಕೊಡಬೇಕಲ್ವಾ? ಕೇಳಿದರೆ "ಪ್ರಿಂಟ್ ಆಗ್ತಾ ಇದೆ ಸಾರ್" ಅಂದರು. ಲೆಕ್ಕ ನೋಡದೆ ಸಲಹೆ ಏನು ಕೊಡುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೀರೆ ಆರಿಸಿದ ಹಾಗೆ!

ಆದರೂ ನಮ್ಮ ಬೀದಿಯ ಚರಂಡಿ ವಿಷಯ ಹೇಳಿದೆ. ಬರೆದುಕೊಂಡರು. ಹೋದ ವರ್ಷವೂ ಬರೆದುಕೊಂಡಿದ್ದರು. ಅದರ ಹಿಂದಿನ ವರ್ಷವೂ. ಆ ಪುಸ್ತಕಗಳನ್ನೆಲ್ಲ ಅಡ್ಡ ಪೇರಿಸಿದ್ದರೆ ಇಷ್ಟೊತ್ತಿಗೆ ಚರಂಡಿ ದಾಟಲು ಒಂದು ಮೋರಿಯಾದರೂ ಆಗುತ್ತಿತ್ತು.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಊರಿನಲ್ಲಿ 1989ರಿಂದ ಜನರೇ ಕೂತು ಯಾವ ಕೆಲಸ ಮೊದಲು ಆಗಬೇಕು ಅಂತ ತೀರ್ಮಾನಿಸುತ್ತಿದ್ದರಂತೆ. ಇಲ್ಲಿ ನಮ್ಮ ಪಾಲಿಗೆ ಬಂದ ತೀರ್ಮಾನ, ಟೀ ಬೇಕೋ ಕಾಫಿ ಬೇಕೋ ಅನ್ನುವುದೊಂದೇ. ಅದರಲ್ಲೂ ಕಾಫಿ ಖಾಲಿಯಾಗಿತ್ತು.