ಹಾಕಿಕೊಂಡೋ, ತೆಗೆದಿಟ್ಟೋ?

ಪಟ್ಟದ ಗೊಂಬೆಗಳ ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಸುವ ಕೆಲಸ ನನ್ನದು. ಐದು ವರ್ಷದ ಹಿಂದೆ, ನವರಾತ್ರಿಯ ಹಿಂದಿನ ಸಂಜೆ, ಮೂರು ಕಾಲಿನ ಮೇಲೆ ಧೈರ್ಯವಾಗಿ ನಿಂತಿದ್ದ ನಾಲ್ಕು ಕಾಲಿನ ಸ್ಟೂಲನ್ನು ಹತ್ತಿ ಪೆಟ್ಟಿಗೆಯನ್ನು ಎಳೆದೆ. ಸ್ಟೂಲು ಒಂದು ಕಡೆ ಬಿತ್ತು, ನಾನು ಒಂದು ಕಡೆ ಬಿದ್ದೆ, ರಾಜ ರಾಣಿ ಇಬ್ಬರೂ ನನ್ನ ಮುಖದ ಮೇಲೆ ಬಿದ್ದರು. ರಾಜನ ಮೂಗು ಮುರಿಯಿತು. ನನ್ನ ಮುಂದಿನ ನಾಲ್ಕು ಹಲ್ಲು ಹೋದವು. ರಾಣಿಗೆ ಏನೂ ಆಗಲಿಲ್ಲ. ಸದ್ದು ಕೇಳಿ ಓಡಿ ಬಂದ ನನ್ನ ಹೆಂಡತಿ ಮೊದಲು ಎತ್ತಿಕೊಂಡದ್ದು ರಾಜನನ್ನು. "ಇದು ನಮ್ಮಮ್ಮ ಕೊಟ್ಟದ್ದು ರೀ" ಎಂದಳು. ನನ್ನನ್ನೂ ನಿಮ್ಮಮ್ಮನೇ ಆರಿಸಿದ್ದು ಎಂದು ನೆನಪಿಸಲು ಬಾಯಿ ತೆರೆದೆ. ಬರೀ ಗಾಳಿ ಬಂತು.

ದಂತವೈದ್ಯರು ಉಳಿದ ಹಲ್ಲುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿ, ಮೇಲಿನ ಸಾಲನ್ನು ಪೂರ್ತಿ ತೆಗೆದು ಹಲ್ಲು ಕಟ್ಟಿಸಿಕೊಳ್ಳುವುದೇ ಲೇಸು ಎಂದರು. ಎರಡು ಗಟ್ಟಿಯಾಗಿವೆಯಲ್ಲ ಎಂದೆ. "ಅವು ಒಂಟಿಯಾಗಿ ಏನು ಮಾಡುತ್ತವೆ ಸಾರ್?" ಎಂದು ಅನುಕಂಪದಿಂದ ಅವನ್ನೂ ಕಿತ್ತರು.

ಒಸಡು ಮಾಗುವ ತನಕ ಕೆಲವು ತಿಂಗಳು ಬೊಚ್ಚುಬಾಯಿಯಲ್ಲೇ ಇರಬೇಕಾಯಿತು. ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದವನು. ತ ಥ ದ ಧ ನ ದಂತ್ಯಾಕ್ಷರಗಳು, ಲಕಾರ ಸಕಾರಗಳೂ ಹಲ್ಲನ್ನೇ ನಂಬಿಕೊಂಡಿವೆ ಎಂದು ಎಷ್ಟು ತರಗತಿಗಳಿಗೆ ಬೆತ್ತ ಹಿಡಿದು ಹೇಳಿದ್ದೆನೋ. ಅದು ಎಷ್ಟು ನಿಜ ಎಂಬುದು ತರಕಾರಿ ಅಂಗಡಿಗೆ ಫೋನು ಮಾಡಿದಾಗ ತಿಳಿಯಿತು. ತೊಂಡೆಕಾಯಿ ಹೇಳಿದೆ, ಬೆಂಡೆಕಾಯಿ ಬಂತು. ಆ ಅವಧಿಯಲ್ಲಿ ನನ್ನನ್ನು ನೋಡಲು ಬಂದವರು ಹದಿನಾಲ್ಕು ಮಂದಿ. ಹನ್ನೊಂದು ಮಂದಿ ಹಲ್ಲು ಕಡಲೆಯ ಗಾದೆ ಹೇಳಿದರು. ಉಳಿದ ಮೂವರು ಕಡಲೆಯನ್ನೇ ತಂದಿದ್ದರು.

ಹೊಸ ಹಲ್ಲು ಬಂದ ಮೇಲೆ ಕಷ್ಟ ಬೇರೆ ರೂಪ ತಾಳಿತು. ಒಸಡು ಉರಿದು ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಹಾಗೆ ಎದ್ದು ಕುಳಿತ ಒಂದು ರಾತ್ರಿ, ಮಗ ಹಾಕಿಕೊಟ್ಟಿದ್ದ ಹಳೆಯ ಅಮೆರಿಕನ್ ಚಿತ್ರ 'ರೆಡ್ ರಿವರ್' ನೋಡತೊಡಗಿದೆ. 1948ರ ಕಪ್ಪು ಬಿಳುಪು ಚಿತ್ರ. ಸಾವಿರಾರು ದನಗಳನ್ನು ಟೆಕ್ಸಾಸಿನಿಂದ ಉತ್ತರಕ್ಕೆ ಹೊಡೆದುಕೊಂಡು ಹೋಗುವ ಕಥೆ. ನಾಯಕ ಜಾನ್ ವೇನ್. ಆದರೆ ನನ್ನ ಕಣ್ಣು ಹೋದದ್ದು ಅಡುಗೆಯ ಗಾಡಿ ಹೊಡೆಯುವ ಗೊಣಗು ಮುದುಕನ ಕಡೆಗೆ. ಆತ ಇಸ್ಪೀಟಿನಲ್ಲಿ ತನ್ನ ಕಟ್ಟಿಸಿದ ಹಲ್ಲನ್ನೇ ಪಣಕ್ಕಿಟ್ಟು ಸೋಲುತ್ತಾನೆ! ಗೆದ್ದವನು ಮೂಲನಿವಾಸಿ ಜೊತೆಗಾರ. ಹಲ್ಲು ಅವನ ಬಳಿಯೇ ಇರುತ್ತದೆ. ಊಟದ ಹೊತ್ತಿಗೆ ಮಾತ್ರ ಮುದುಕನಿಗೆ ಕೊಡುತ್ತಾನೆ. ಧರ್ಮರಾಯ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಒಡ್ಡಿದ. ಹಲ್ಲನ್ನು ಒಡ್ಡಿದ ಪ್ರಸ್ತಾಪ ಪಂಪನಲ್ಲೂ ಇಲ್ಲ, ಕುಮಾರವ್ಯಾಸನಲ್ಲೂ ಇಲ್ಲ. ನಾನು ನಕ್ಕ ರಭಸಕ್ಕೆ ನನ್ನ ಸೆಟ್ಟು ಹಾರಿ ಹೊದಿಕೆಯ ಮೇಲೆ ಬಿದ್ದು, ನಾನು ಸುಮ್ಮನಾದ ಮೇಲೂ ನಗುತ್ತಲೇ ಇತ್ತು.

ಆ ಮುದುಕ ಯಾರೆಂದು ಹುಡುಕಿದೆ. ವಾಲ್ಟರ್ ಬ್ರೆನನ್. 1894ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಎಂಬ ಊರಿನಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದ ಸಿಪಾಯಿಯಾಗಿ ಫ್ರಾನ್ಸಿಗೆ ಹೋಗಿ ಬಂದರು. ಆಮೇಲೆ ಲಾಸ್ ಏಂಜಲೀಸಿನಲ್ಲಿ ಜಮೀನು ವ್ಯಾಪಾರ ಮಾಡಿ ಚೆನ್ನಾಗಿ ಗಳಿಸಿದರು, ಬೆಲೆ ಕುಸಿದಾಗ ಗಳಿಸಿದ್ದಕ್ಕಿಂತ ಬೇಗ ಕಳೆದುಕೊಂಡರು. ಹೊಟ್ಟೆಪಾಡಿಗೆ ಸಿನಿಮಾದ ಗುಂಪಿನಲ್ಲಿ ಒಬ್ಬರಾಗಿ ನಿಲ್ಲತೊಡಗಿದರು. ಬೀಳುವುದು, ಹೊಡೆಸಿಕೊಳ್ಳುವುದು ಇಂಥ ಕೆಲಸವನ್ನೂ ಮಾಡಿದರು. 1932ರ ಸುಮಾರಿಗೆ ಚಿತ್ರೀಕರಣದಲ್ಲಿ ಆದ ಒಂದು ಅಪಘಾತದಲ್ಲಿ ಹಲ್ಲುಗಳು ಹೋದವು. ಅವರಿಗೆ ಪಟ್ಟದ ಗೊಂಬೆಯ ನೆರವು ಬೇಕಾಗಲಿಲ್ಲ.

ಇಲ್ಲಿಂದ ಮುಂದೆ ನಮ್ಮಿಬ್ಬರ ದಾರಿ ಬೇರೆಯಾಗುತ್ತದೆ. ನನಗೆ ಹಲ್ಲು ಹೋದ ಮೇಲೆ ಬೆಂಡೆಕಾಯಿ ಸಿಕ್ಕಿತು. ಅವರಿಗೆ ಪಾತ್ರಗಳು ಸಿಕ್ಕವು. ನಲವತ್ತರ ಆಸುಪಾಸಿನ ಮನುಷ್ಯ, ಹಲ್ಲು ತೆಗೆದಿಟ್ಟರೆ ಎಪ್ಪತ್ತು. ಮೇಕಪ್ ಖರ್ಚೂ ಉಳಿತಾಯ. 1935ರಲ್ಲಿ 'ಬಾರ್ಬರಿ ಕೋಸ್ಟ್' ಚಿತ್ರಕ್ಕೆ ಒಂದು ಸಣ್ಣ ಪಾತ್ರ ಕೇಳಿಕೊಂಡು ನಿರ್ದೇಶಕ ಹೊವಾರ್ಡ್ ಹಾಕ್ಸ್ ಎದುರು ನಿಂತರು. ಎಲ್ಲಿ, ಮಾತು ಓದಿ ತೋರಿಸಿ ಎಂದರಂತೆ ಹಾಕ್ಸ್. "ಹಾಕಿಕೊಂಡೋ, ತೆಗೆದಿಟ್ಟೋ?" ಎಂದು ಕೇಳಿದರಂತೆ ಬ್ರೆನನ್. ಏನನ್ನು? "ಹಲ್ಲನ್ನು." ತೆಗೆದಿಟ್ಟೇ ಓದಿ ಎಂದದ್ದಕ್ಕೆ, ಮರ್ಯಾದೆಯಾಗಿ ಅತ್ತ ತಿರುಗಿ ಹಲ್ಲು ತೆಗೆದು, ಇತ್ತ ತಿರುಗಿ ಮಾತು ಓದಿದರಂತೆ. ಇಷ್ಟು 'ಅಂತೆ' ಏಕೆಂದರೆ, ಇದನ್ನು ಜೀವನದುದ್ದಕ್ಕೂ ಹೇಳಿಕೊಂಡು ಬಂದ ಹಾಕ್ಸ್ ಕಥೆಗೆ ಒಗ್ಗರಣೆ ಹಾಕದೆ ಬಡಿಸುವವರಲ್ಲ. ನಮ್ಮ ಮನೆಯಲ್ಲಂತೂ ಈ ಪ್ರಶ್ನೆ ಅಂದಿನಿಂದ ನಿತ್ಯಪಾರಾಯಣವಾಯಿತು. ನಾನು ಹೊರಗೆ ಹೊರಟರೆ ಹೆಂಡತಿ ಕೊಡೆಯನ್ನಾಗಲಿ ಕನ್ನಡಕವನ್ನಾಗಲಿ ಕೇಳುವುದಿಲ್ಲ. "ಹಾಕಿಕೊಂಡೋ, ತೆಗೆದಿಟ್ಟೋ?" ಎನ್ನುತ್ತಾಳೆ.

ಪೋಷಕ ನಟರಿಗೆ ಆಸ್ಕರ್ ಕೊಡಲು ಆರಂಭಿಸಿದ್ದು 1936ರ ಚಿತ್ರಗಳಿಂದ. ಮೊದಲ ಸಲವೇ ಅದು ಬ್ರೆನನ್ ಪಾಲಾಯಿತು, 'ಕಮ್ ಅಂಡ್ ಗೆಟ್ ಇಟ್' ಚಿತ್ರಕ್ಕೆ. ಮತ್ತೆ 1938ರ 'ಕೆಂಟಕಿ', 1940ರ 'ದ ವೆಸ್ಟರ್ನರ್'. ಐದು ವರ್ಷದೊಳಗೆ ಮೂರು. ಮೂರು ಆಸ್ಕರ್ ಗೆದ್ದ ಮೊದಲ ನಟ, ನಾಯಕನ ಪಾತ್ರಕ್ಕೆ ಒಂದೂ ಇಲ್ಲ. ಆ ಕಾಲದಲ್ಲಿ ಗುಂಪಿನ ನಟರಿಗೂ ಮತವಿತ್ತು, ತಮ್ಮ ನಡುವಿನಿಂದ ಎದ್ದು ಹೋದವನೆಂದು ಅವರೆಲ್ಲ ಸೇರಿ ಗೆಲ್ಲಿಸಿದರು ಎಂಬ ಮಾತು ಈಗಲೂ ಇದೆ. ಇದ್ದರೆ ಇರಲಿ. ಚಿನ್ನದ ಬಣ್ಣದ ಬೊಂಬೆಯೇನೂ ಅವರಿಗೆ ಸಿಗಲಿಲ್ಲ; ಪೋಷಕ ನಟರಿಗೆ ಆಗ ಕೊಡುತ್ತಿದ್ದುದು ಒಂದು ಫಲಕ ಮಾತ್ರ. ಬೊಂಬೆ ಮೇಲೆ ಬಿದ್ದರೆ ಏನಾಗುತ್ತದೆ ಎಂದು ಬಲ್ಲ ನನಗೆ ಇದು ವಿವೇಕದ ಕ್ರಮವೆನಿಸುತ್ತದೆ.

'ಕೆಂಟಕಿ'ಯ ಮುದುಕ ನನಗೆ ಹಿಡಿಸಲಿಲ್ಲ, ಕೂಗಾಟ ಹೆಚ್ಚು. 'ದ ವೆಸ್ಟರ್ನರ್' ಚಿತ್ರದ ನ್ಯಾಯಾಧೀಶ ರಾಯ್ ಬೀನ್ ಬೇರೆಯೇ ತೂಕದವನು. ಹೆಂಡದಂಗಡಿಯಲ್ಲೇ ಕುಳಿತು ತೀರ್ಪು ಕೊಟ್ಟು ಜನರನ್ನು ನೇಣಿಗೇರಿಸುವವನು, ಲಿಲಿ ಲ್ಯಾಂಗ್ಟ್ರಿ ಎಂಬ ರಂಗನಟಿಯ ಹೆಸರೆತ್ತಿದರೆ ಕರಗಿ ನೀರಾಗುತ್ತಾನೆ. ನಾಯಕ ಗ್ಯಾರಿ ಕೂಪರ್ ಎದುರಿಗಿದ್ದರೂ ನಾವು ನೋಡುವುದು ಇವನನ್ನೇ. 1946ರ 'ಮೈ ಡಾರ್ಲಿಂಗ್ ಕ್ಲೆಮೆಂಟೈನ್' ಚಿತ್ರದಲ್ಲಿ ಬೆಳೆದ ಗಂಡುಮಕ್ಕಳನ್ನೇ ಚಾವಟಿಯಿಂದ ಬಾರಿಸುವ ಅಪ್ಪನಾಗಿ ಬಂದಾಗಲಂತೂ ನಗು ಬರುವುದೇ ಇಲ್ಲ. ಅದರಲ್ಲಿ ಹಲ್ಲು ಹಾಕಿಕೊಂಡಿದ್ದರೋ ತೆಗೆದಿಟ್ಟಿದ್ದರೋ ನೋಡಲು ಮರೆತೆ, ಅಷ್ಟು ಭಯವಾಗಿತ್ತು.

ಇಂಥ ಮಹನೀಯರ ಕುಲಕ್ಕೆ ಸೇರಿದವನೆಂಬ ಹೆಮ್ಮೆಯಲ್ಲೇ ನಾನು ಹೋದ ವರ್ಷ ಹೆಂಡತಿಯ ಅಕ್ಕನ ಮೊಮ್ಮಗಳ ಮದುವೆಗೆ ಹೋದದ್ದು. ಹಾಕಿಕೊಂಡೇ ಹೋಗಿದ್ದೆ. ಎರಡನೆಯ ಪಂಕ್ತಿ. ಕೋಸಂಬರಿಯ ಒಂದು ಹೆಸರುಬೇಳೆ ಸೆಟ್ಟಿನ ಕೆಳಗೆ ಸೇರಿಕೊಂಡಿತು. ಹೆಸರುಬೇಳೆ ಎಂದರೆ ಕಣ್ಣಿಗೆ ಸಣ್ಣದು. ಒಸಡಿಗೆ ಅದು ಚಾಮುಂಡಿಬೆಟ್ಟ. ಬ್ರೆನನ್ ಮಾದರಿಯಲ್ಲಿ ಮರ್ಯಾದೆಯಾಗಿ ಅತ್ತ ತಿರುಗಿ, ಸೆಟ್ಟು ತೆಗೆದು, ಕಾಗದದ ಕರವಸ್ತ್ರದಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟೆ. ಪಾಯಸ, ಮೊಸರನ್ನಕ್ಕೆ ಹಲ್ಲು ಬೇಡ. ಊಟ ಮುಗಿಸಿ ಕೈ ತೊಳೆದು ತಾಂಬೂಲ ತೆಗೆದುಕೊಂಡೆ. ಅಡಿಕೆಚೂರು ಬಾಯಿಗೆ ಹಾಕಿಕೊಂಡಾಗ ನೆನಪಾಯಿತು.

ಓಡಿದೆ. ಈಗಿನ ಛತ್ರಗಳಲ್ಲಿ ಮೇಜಿಗೆ ಹಾಸಿದ ಕಾಗದವನ್ನು ಎಲೆ, ಲೋಟಗಳ ಸಮೇತ ಚಾಪೆಯಂತೆ ಸುತ್ತಿ ಎತ್ತಿಬಿಡುತ್ತಾರೆ. ನನ್ನ ಮೇಜಿನಲ್ಲಿ ಮೂರನೆಯ ಪಂಕ್ತಿಗೆ ಉಪ್ಪು ಬಡಿಸುತ್ತಿದ್ದರು. ಹಿತ್ತಲಿಗೆ ಹೋದೆ. ಮೂರು ನೀಲಿ ಡ್ರಮ್ಮುಗಳು ಎಂಜಲೆಲೆಯಿಂದ ತುಂಬಿ ನಿಂತಿದ್ದವು. ಪಂಚೆ ಎತ್ತಿ ಕಟ್ಟಿ ಮೊದಲನೆಯದರೊಳಗೆ ಕೈ ಹಾಕಿದೆ. ಅಡುಗೆಯವರ ಕಡೆಯ ಹುಡುಗನೊಬ್ಬ ನೋಡಿದ. ಜರಿ ಪಂಚೆ, ಶಲ್ಯ, ಎಂಜಲೆಲೆ. "ಏನು ಯಜಮಾನರೇ?" ಎಂದ. ಹಲ್ಲು ಎಂದು ಹೇಳಲು ಹಲ್ಲಿರಲಿಲ್ಲ. ಬಾಯಿ ತೆರೆದು ಬೆರಳು ತೋರಿಸಿದೆ. ಅವನ ಮುಖ ಕರಗಿತು. ನನ್ನ ಕೈ ಹಿಡಿದು ಪಕ್ಕದ ಕಲ್ಲಿನ ಮೇಲೆ ಕೂರಿಸಿ, ಒಳಗೆ ಓಡಿ, ಬಿಸಿಬೇಳೆಬಾತು, ಎರಡು ಹೋಳಿಗೆ ಇಟ್ಟ ತಟ್ಟೆ ತಂದು ಮುಂದಿಟ್ಟ. "ನಿಧಾನವಾಗಿ ಊಟ ಮಾಡಿ, ಬೇಕಾದರೆ ಇನ್ನೂ ತರುತ್ತೇನೆ, ಅದರಲ್ಲೆಲ್ಲ ಕೈ ಹಾಕಬೇಡಿ" ಎಂದ. ಅಷ್ಟು ಅಕ್ಕರೆಯಿಂದ ನನಗೆ ಯಾರೂ ಬಡಿಸಿ ಬಹಳ ವರ್ಷವಾಗಿತ್ತು. ತುಪ್ಪ ಕೇಳೋಣವೇ ಎಂದು ಒಂದು ಕ್ಷಣ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

ಕೊನೆಗೆ ಚೀಟಿಯಲ್ಲಿ ಬರೆದು ತೋರಿಸಿದೆ. ಎರಡನೆಯ ಡ್ರಮ್ಮಿನಲ್ಲಿ ಸಿಕ್ಕಿತು. ಹುಡುಗ ಬಲು ಮುತುವರ್ಜಿಯಿಂದ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನಲ್ಲಿ ಅದನ್ನು ಅದ್ದಿ ತೊಳೆದು ಕೊಟ್ಟ. ಕುದಿಯುವ ನೀರಿಗೆ ಅಕ್ರಿಲಿಕ್ ಹಲ್ಲುಸೆಟ್ಟು ಸೊಟ್ಟಗಾಗುತ್ತದೆ ಎಂಬುದು ಅವನಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಹಾಕಿಕೊಂಡರೆ ಮೇಲ್ದುಟಿ ಎಡಕ್ಕೆ ಎಳೆದುಕೊಂಡು ಜಗತ್ತನ್ನೇ ಹಂಗಿಸುವಂತೆ ಕಾಣುತ್ತಿತ್ತು. ಹಾಗೆಯೇ ಫೋಟೋಕ್ಕೆ ನಿಂತೆ. ಆಲ್ಬಂ ನೋಡಿದ ಗಂಡಿನ ಕಡೆಯವರು, ಆ ಯಜಮಾನರಿಗೆ ಈ ಸಂಬಂಧ ಇಷ್ಟವಿರಲಿಲ್ಲವೇ ಎಂದು ವಿಚಾರಿಸಿದರಂತೆ.

ಇದೆಲ್ಲ ಆದ ಮೇಲೂ ಬ್ರೆನನ್ ಮೇಲಿನ ಭಕ್ತಿ ಕುಂದಲಿಲ್ಲ. ಅವರು 1957ರಿಂದ 1963ರವರೆಗೆ 'ದ ರಿಯಲ್ ಮೆಕಾಯ್ಸ್' ಎಂಬ ಟಿವಿ ಧಾರಾವಾಹಿಯಲ್ಲಿ ಕುಂಟುವ ಅಜ್ಜನಾಗಿ ಮನೆಮನೆಗೂ ಹೋದರು. ಪಾತ್ರದ ವಯಸ್ಸನ್ನು ಸ್ವಂತ ವಯಸ್ಸು ಹಿಡಿದದ್ದು ಆ ಹೊತ್ತಿಗೆ. 1974ರಲ್ಲಿ ತೀರಿಕೊಂಡಾಗ ಅವರಿಗೆ ಎಂಬತ್ತು. ಪರದೆಯ ಮೇಲೆ ಮುದುಕರಾಗಿ ನಲವತ್ತು ವರ್ಷದ ಸೇವಾ ಹಿರಿತನ. ನನಗೂ ಒಂದು ಪಾತ್ರ ಸಿಗಬಾರದೇಕೆ ಎಂದುಕೊಂಡೆ.

ಸಿಗುವ ಹಾಗೆಯೇ ಆಯಿತು. ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವಕ್ಕೆ ನಾಟಕ, ಅದರಲ್ಲೊಬ್ಬ ಮುದಿ ಮಂತ್ರಿ. ನಿರ್ದೇಶಕ ಕಾಲೇಜು ಹುಡುಗ. ಮಾತು ಓದಿ ಸಾರ್ ಎಂದ. ಇಷ್ಟು ವರ್ಷ ಕಾದಿದ್ದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ. ಅವನು ಕಣ್ಣು ಕಣ್ಣು ಬಿಟ್ಟ. ಉತ್ತರಕ್ಕೆ ಕಾಯದೆ ಅತ್ತ ತಿರುಗಿ, ತೆಗೆದು, ಜೇಬಿಗಿಟ್ಟು, ಇತ್ತ ತಿರುಗಿ ಪೂರ್ತಿ ಒಂದು ಪುಟ ಓದಿದೆ. ದಂತ್ಯಾಕ್ಷರಗಳ ಕಡೆಗೆ ನೋಡಲೇ ಇಲ್ಲ.

ಮಂತ್ರಿಯ ಪಾತ್ರ ಮೂವತ್ತೆರಡೂ ಹಲ್ಲಿರುವ ಒಬ್ಬ ಬ್ಯಾಂಕ್ ನೌಕರನಿಗೆ ಹೋಯಿತು, ಹತ್ತಿಯ ಗಡ್ಡದೊಡನೆ. ನನಗೆ ದ್ವಾರಪಾಲಕ. ಈಟಿ ಹಿಡಿದು ನಿಲ್ಲಬೇಕು, ಮಾತಿಲ್ಲ.

"ಹಾಕಿಕೊಂಡು ನಿಲ್ಲಲೋ, ತೆಗೆದಿಟ್ಟು ನಿಲ್ಲಲೋ?" ಎಂದೆ.

"ಹೇಗಾದರೂ ಸರಿ ಸಾರ್" ಎಂದ ಹುಡುಗ, "ಬಾಯಿ ಮುಚ್ಚಿಕೊಂಡಿದ್ದರೆ ಸಾಕು."