ಅಕ್ಕನಿಗೆ ರಜೆ ಬುಧವಾರ

ಭಾನುವಾರ ಅಂಗಡಿ ತೆರೆದಿರಬೇಕಾ ಬೇಡವಾ ಅಂತ ಮಾತು ಬಂದಾಗಲೆಲ್ಲ ಗಿರಾಕಿಗೆ ಎಷ್ಟು ಅನುಕೂಲ, ಮಾಲೀಕರಿಗೆ ಎಷ್ಟು ವ್ಯಾಪಾರ ಅನ್ನುವುದರಲ್ಲೇ ಚರ್ಚೆ ಮುಗಿದುಹೋಗುತ್ತದೆ. ಕೌಂಟರ್ ಹಿಂದೆ ನಿಂತವರ ವಿಷಯ ಯಾರೂ ಎತ್ತುವುದಿಲ್ಲ. ನಮ್ಮಕ್ಕ ಒಂಬತ್ತು ವರ್ಷದಿಂದ ಅಲ್ಲೇ ನಿಂತಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಅವಳದು ಸೀರೆ ಅಂಗಡಿ ಕೆಲಸ. ಭಾನುವಾರ ಒಂದೇ ಮನೆಯ ಐದಾರು ಜನ ಬಂದು ಕೂರುತ್ತಾರೆ. ನಲವತ್ತು ಸೀರೆ ಬಿಚ್ಚಿಸಿ ಒಂದು ತಗೊಳ್ಳುತ್ತಾರೆ, ಕೆಲವೊಮ್ಮೆ ಅದೂ ಇಲ್ಲ. ಅವರು ಎದ್ದು ಹೋದಮೇಲೆ ಅಷ್ಟನ್ನೂ ಹಳೇ ಮಡಿಕೆ ತಪ್ಪದ ಹಾಗೆ ಮಡಚಿ, ಸೆರಗು ಮೇಲೆ ಕಾಣುವಂತೆ ಮತ್ತೆ ಜೋಡಿಸಬೇಕು. ಗಿರಾಕಿಗೆ ಕುರ್ಚಿ ಇದೆ, ಇವಳಿಗೆ ಒಂದು ಸ್ಟೂಲೂ ಇಲ್ಲ. ರಾತ್ರಿ ಮನೆಗೆ ಬಂದು ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂತರೆ ಅರ್ಧ ಗಂಟೆ ಮಾತೇ ಇಲ್ಲ.

ವಾರದ ರಜೆ ಇಲ್ಲ ಅಂತಲ್ಲ. ಇದೆ, ಬುಧವಾರ. ಬುಧವಾರ ಮಗನಿಗೆ ಸ್ಕೂಲು, ಭಾವನಿಗೆ ಡ್ಯೂಟಿ. ನೆಂಟರ ಮದುವೆ, ನಾಮಕರಣ ಎಲ್ಲ ಬರುವುದು ಭಾನುವಾರವೇ. ಮನೆಯವರೆಲ್ಲ ಹೊರಗಿರುವ ದಿನ ಒಬ್ಬಳಿಗೇ ರಜೆ ಕೊಟ್ಟರೆ ಅದು ಬಟ್ಟೆ ಒಗೆಯುವ ದಿನ ಆಗುತ್ತದೆ ಅಷ್ಟೇ, ಅಲ್ವಾ?

2021ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರ 10 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಅಂಗಡಿಗಳು ವರ್ಷದ 365 ದಿನವೂ, ದಿನದ 24 ಗಂಟೆಯೂ ತೆರೆದಿರಬಹುದು ಅಂತ ಆದೇಶ ಮಾಡಿತು. 2025ರಲ್ಲಿ ಮತ್ತೆ ಮೂರು ವರ್ಷಕ್ಕೆ ಮುಂದುವರಿಸಿತು. ಅದರ ಷರತ್ತುಗಳನ್ನು ಓದಿ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, ಸರದಿ ಪ್ರಕಾರ ವಾರಕ್ಕೊಂದು ರಜೆ. ಇವತ್ತು ಯಾರಿಗೆ ರಜೆ ಅಂತ ಎಲ್ಲರಿಗೂ ಕಾಣುವ ಕಡೆ ಬೋರ್ಡ್ ಹಾಕಬೇಕು. ಅಂಥ ಬೋರ್ಡನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಭಾನುವಾರ ಮುಚ್ಚಿದರೆ ಜನಕ್ಕೆ ಕಷ್ಟ ಅನ್ನುತ್ತಾರೆ. ಮಂಗಳವಾರ ಸಲೂನ್ ಇರುವುದಿಲ್ಲ ಅಂತ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು, ಸೋಮವಾರವೇ ಹೋಗಿ ಕಟಿಂಗ್ ಮಾಡಿಸಿಕೊಂಡು ಬರುತ್ತೇವೆ, ಯಾರಿಗೂ ಏನೂ ಕಷ್ಟ ಆಗಿಲ್ಲ. ಹಾಗಂತ ಮಾಲೀಕರ ಮಾತು ಸುಳ್ಳಲ್ಲ. ಭಾನುವಾರದ ವ್ಯಾಪಾರದಲ್ಲೇ ಬಾಡಿಗೆ ಕಟ್ಟುವವರಿದ್ದಾರೆ, ಮೊಬೈಲಲ್ಲಿ ಆರ್ಡರ್ ಮಾಡುವ ಈ ಕಾಲದಲ್ಲಿ ಅವರಿಗೂ ಭಯ ಇದೆ. ಎಲ್ಲ ಅಂಗಡಿಗೂ ಬೀಗ ಹಾಕಿ ಅಂತ ನಾನು ಹೇಳುತ್ತಿಲ್ಲ. ಪ್ರತಿಯೊಬ್ಬ ಕೆಲಸಗಾರರಿಗೂ ತಿಂಗಳಲ್ಲಿ ಎರಡು ಭಾನುವಾರ ರಜೆ ಕೊಡಿ. ಹತ್ತು ಜನ ಇರುವ ಕಡೆ ಸರದಿ ಮಾಡುವುದು ಅಷ್ಟೊಂದು ಕಷ್ಟವಾ?

ಭಾನುವಾರದ ರಜೆ ಯಾರೋ ಸುಮ್ನೆ ಕೊಟ್ಟಿದ್ದಲ್ಲ. ಮುಂಬೈ ಬಟ್ಟೆ ಗಿರಣಿ ಕೆಲಸಗಾರರು ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆಯವರ ಜೊತೆ ವರ್ಷಗಟ್ಟಲೆ ಕೇಳಿ 1890ರಲ್ಲಿ ಪಡೆದದ್ದು. ಕೇರಳದ ಅಂಗಡಿ ಹೆಂಗಸರು ಹೋರಾಡಿದ ಮೇಲೆ, 2018ರಲ್ಲಿ ಕೆಲಸದ ಹೊತ್ತಲ್ಲಿ ಕೂರುವ ಹಕ್ಕು ಅಲ್ಲಿ ಕಾನೂನೇ ಆಯಿತು. ಇಲ್ಲೂ ಕೇಳಬೇಕು, ಗಿರಾಕಿಗಳಾದ ನಾವೂ ಕೇಳಬೇಕು.

ಹೋದ ತಿಂಗಳು ಬಟ್ಟೆ ತರಲು ಹೋದಾಗ ಒಂದು ದೊಡ್ಡ ಅಂಗಡಿಯಲ್ಲಿ ರಜೆಯ ಬೋರ್ಡ್ ಎಲ್ಲಿದೆ ಅಂತ ಕೇಳಿದೆ. ಬಿಲ್ಲಿಂಗ್‌ನವರಿಗೆ ಅಂಥದ್ದೊಂದು ಇರಬೇಕು ಅಂತಲೇ ಗೊತ್ತಿರಲಿಲ್ಲ. ಹೊರಗೆ ಬರುವಾಗ ಪ್ಯಾಕಿಂಗ್ ಮಾಡುತ್ತಿದ್ದ ಹುಡುಗಿ ಕವರ್ ಕೊಡುತ್ತಾ ಮೆಲ್ಲಗೆ, "ಇನ್ನೊಂದ್ಸಲ ಬಂದಾಗ್ಲೂ ಕೇಳಿ ಸಾರ್, ನಾವು ಕೇಳಿದ್ರೆ ಆಗಲ್ಲ" ಅಂದಳು.